ಹೆಚ್ಚುವರಿ ಯಾರದ್ದು?

ಏಪ್ರಿಲ್ ಮುಗಿಯುತ್ತ ಬಂತೆಂದರೆ ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಎರಡು ಪ್ರಶ್ನೆಗಳು ಓಡಾಡತೊಡಗುತ್ತವೆ. ಒಂದು, ಊರಿಗೆ ಯಾವಾಗ ಹೊರಡುತ್ತೀರಿ? ಇನ್ನೊಂದು, ಸಾಮಾನಿಗೆ ಏನು ವ್ಯವಸ್ಥೆ? ಮೊದಲನೆಯದಕ್ಕೆ ಮಕ್ಕಳ ಶಾಲೆಯ ಕ್ಯಾಲೆಂಡರ್ ಉತ್ತರ ಕೊಡುತ್ತದೆ. ಎರಡನೆಯದರ ಬಗ್ಗೆ ಮಾತ್ರ ಪ್ರತಿ ವರ್ಷ ಹೊಸದಾಗಿ ಚರ್ಚೆ. ಕಾರಿನ ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್ ಹಾಕಿಸುವುದೋ, ಮುಚ್ಚಳ ಬೀಗ ಇರುವ ರೂಫ್ ಬಾಕ್ಸ್ ಕೊಳ್ಳುವುದೋ, ಬೇಕಾದಾಗ ಕಟ್ಟಿ ಬೇಡವಾದಾಗ ಮಡಚಿಡುವ ಬಟ್ಟೆಯ ಚೀಲ ಸಾಕೋ, ಅರ್ಧ ಸಾಮಾನನ್ನು ಬಸ್ಸಿನ ಪಾರ್ಸೆಲ್‌ಗೆ ಹಾಕಿ ಕೈ ತೊಳೆದುಕೊಳ್ಳುವುದೋ. ಒಬ್ಬರು ಲೀಟರ್ ಹೇಳುತ್ತಾರೆ, ಇನ್ನೊಬ್ಬರು ಕಿಲೋ, ಮತ್ತೊಬ್ಬರು ರೂಪಾಯಿ.

ಇಂಥ ಚರ್ಚೆ ನನಗೂ ಇಷ್ಟ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಯಾರಿಗೆ ಎಷ್ಟು ಸಮಯ, ಯಾರಿಗೆ ಎಷ್ಟು ಜನ ಎಂದು ಹಂಚಿಕೊಂಡೇ ಬಂದವನು ನಾನು. ಜಾಗ ಹಂಚುವುದೆಂದರೆ ಸಹಜವಾಗಿ ಎಕ್ಸೆಲ್ ಹಾಳೆ ತೆರೆಯುತ್ತೇನೆ. ಆದರೆ ಈ ಲೆಕ್ಕದಲ್ಲಿ ಯಾವ ಕಾಲಂನಲ್ಲೂ ಕೂರದ ಒಂದು ಪ್ರಶ್ನೆ ಇದೆ. 'ಹೆಚ್ಚುವರಿ ಸಾಮಾನು' ಅನ್ನುತ್ತೇವಲ್ಲ, ಅದು ಯಾರ ಸಾಮಾನು? ಇದು ಅವಶ್ಯ, ಇದು ಹೆಚ್ಚುವರಿ ಎಂದು ತೀರ್ಮಾನಿಸುವವರು ಯಾರು? ಎಷ್ಟು ಲೀಟರಿನ ಪೆಟ್ಟಿಗೆ ಎಂಬ ಪ್ರಶ್ನೆಗಿಂತ ಇದು ಹಿರಿದು, ಮತ್ತು ಇದು ನ್ಯಾಯದ ಪ್ರಶ್ನೆ ಅನ್ನುವುದು ನನ್ನ ಅನಿಸಿಕೆ.

ಮೊದಲು ನೆಲದ ಲೆಕ್ಕ ನೋಡೋಣ. ನಮ್ಮದು ಐದು ಜನರ ಕುಟುಂಬ: ಅವ್ವ, ನಾವಿಬ್ಬರು, ಹದಿನಾಲ್ಕರ ಮಗಳು, ಒಂಬತ್ತರ ಮಗ. ಹೋಗಬೇಕಾದದ್ದು ಹಾವೇರಿಯ ಹತ್ತಿರದ ಹಳ್ಳಿಗೆ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಹಾದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 500 ಕಿಲೋಮೀಟರ್. ಕಾರು ಸಿಎನ್‌ಜಿ. ಇಂಧನದ ಖರ್ಚು ಕಡಿಮೆ ಎಂದು ಪುಣೆ, ಮುಂಬಯಿಯಲ್ಲಿ ನಮ್ಮಂಥ ಎಷ್ಟೋ ಜನ ಸಿಎನ್‌ಜಿ ಕಾರು ಕೊಂಡಿದ್ದೇವೆ. ಕೊಂಡ ದಿನ ಗೊತ್ತಾಗದ ಸಂಗತಿ ಊರಿಗೆ ಹೊರಟ ದಿನ ಗೊತ್ತಾಗುತ್ತದೆ: ಡಿಕ್ಕಿಯ ಬಹುಪಾಲನ್ನು ಸಿಲಿಂಡರ್ ಆಗಲೇ ಆಕ್ರಮಿಸಿಕೊಂಡಿರುತ್ತದೆ. ನೀರಿನ ಲೆಕ್ಕದಲ್ಲಿ 60 ಲೀಟರ್ ಹಿಡಿಯುವ ಒಂದು ಸಿಲಿಂಡರ್ ಅಡ್ಡ ಮಲಗಿತೆಂದರೆ ಅದರ ಮೇಲೂ ಪಕ್ಕದಲ್ಲೂ ಉಳಿಯುವುದು ಮೆತ್ತನೆಯ ಚೀಲಗಳಿಗಷ್ಟೇ ಜಾಗ. ಈ ತಾಪತ್ರಯ ತಪ್ಪಿಸಲೆಂದೇ 2023ರಲ್ಲಿ ಟಾಟಾದವರು ಆಲ್ಟ್ರೋಜ್‌ನಲ್ಲಿ ಒಂದರ ಬದಲು ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ನೆಲದ ಕೆಳಗೆ ಇಟ್ಟು ಮೇಲೆ ಜಾಗ ಬಿಟ್ಟುಕೊಟ್ಟರು. ಅದಕ್ಕೂ ಮುಂಚೆ ಕಾರು ಕೊಂಡ ನಮ್ಮಂಥವರು ತಲೆ ಎತ್ತಿ ಮೇಲೆ ನೋಡಬೇಕು.

ಮೇಲೆಂದರೂ ಬೇಕಾದಷ್ಟು ಹೇರುವಂತಿಲ್ಲ. ಕಾರಿನ ಜತೆ ಬರುವ ಕೈಪಿಡಿಯಲ್ಲಿ ಛಾವಣಿ ಎಷ್ಟು ಭಾರ ತಡೆಯುತ್ತದೆ ಎಂದು ಬರೆದಿರುತ್ತದೆ. ಸಾಮಾನ್ಯ ಕಾರುಗಳಲ್ಲಿ ಅದು 50ರಿಂದ 75 ಕಿಲೋ ಆಸುಪಾಸು, ಕ್ಯಾರಿಯರ್ ಅಥವಾ ಪೆಟ್ಟಿಗೆಯ ತೂಕವೂ ಅದರಲ್ಲೇ ಸೇರಿತು. ಅಡ್ಡಪಟ್ಟಿಗಳು, 400 ಲೀಟರಿನ ಪೆಟ್ಟಿಗೆ ಇವಿಷ್ಟಕ್ಕೇ ಇಪ್ಪತ್ತು ಕಿಲೋ ಹೋಯಿತೆಂದುಕೊಂಡರೆ ಸಾಮಾನಿಗೆ ಉಳಿಯುವುದು ಮೂವತ್ತೋ ಐವತ್ತೋ. ಅಂದರೆ ಪೆಟ್ಟಿಗೆ ದೊಡ್ಡದಾದಷ್ಟೂ ಅದರೊಳಗೆ ಹಾಕಬಹುದಾದ ತೂಕ ಕಡಿಮೆಯಾಗುತ್ತ ಹೋಗುತ್ತದೆ. ಗಾಳಿಯ ಲೆಕ್ಕ ಬೇರೆ. ಮೊಂಡು ಮೂತಿಯ ದೊಡ್ಡ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತರೆ ಹೆದ್ದಾರಿಯಲ್ಲಿ ಮೈಲೇಜ್ ಶೇ 6ರಿಂದ 17ರಷ್ಟು, ಇನ್ನೂ ವೇಗದ ಎಕ್ಸ್‌ಪ್ರೆಸ್ ರಸ್ತೆಗಳಲ್ಲಿ ಶೇ 25ರವರೆಗೂ ಇಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಅಲ್ಲಿನ ಕಾರುಗಳ ಬಗ್ಗೆ ಹೇಳುತ್ತದೆ. ಖಾಲಿ ಪೆಟ್ಟಿಗೆಯೂ ಗಾಳಿಗೆ ಅಡ್ಡ ನಿಲ್ಲುವುದರಿಂದ ಪ್ರವಾಸ ಮುಗಿದ ಮೇಲೆ ಬಿಚ್ಚಿಡುವುದೇ ಜಾಣತನ.

ಇಷ್ಟು ತಿಳಿದರೆ ಒಂದು ಒಳ್ಳೆಯ ಪೆಟ್ಟಿಗೆ ಆರಿಸಬಹುದು. ಆದರೆ ಯಾರ ಸಾಮಾನು ಒಳಗೆ, ಯಾರದ್ದು ಹೊರಗೆ ಎಂಬುದನ್ನು ಇದು ಹೇಳುವುದಿಲ್ಲ.

ಇದೇ ಪ್ರಯಾಣವನ್ನು ರೈಲಿನಲ್ಲಿ ಮಾಡುತ್ತೇವೆ ಅಂದುಕೊಳ್ಳಿ. ರೈಲ್ವೆಯವರು ಸ್ಲೀಪರ್ ಟಿಕೆಟ್ಟಿಗೆ ತಲೆಗೆ 40 ಕಿಲೋ ಸಾಮಾನು ಪುಕ್ಕಟೆ ಬಿಡುತ್ತಾರೆ. ಎರಡನೇ ದರ್ಜೆಗೆ 35, ಎಸಿ ಟೂ ಟೈರ್‌ಗೆ 50. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಅದರ ಅರ್ಧ. ಯಾರೂ ತೂಗಿ ನೋಡುವುದಿಲ್ಲ, ಆ ಮಾತು ಬೇರೆ. ಆದರೆ ಆ ನಿಯಮದಲ್ಲಿ ಒಂದು ಘನತೆ ಇದೆ. ಎಪ್ಪತ್ತೆರಡರ ಅವ್ವನಿಗೆ ಅವಳದೇ ಆದ 40 ಕಿಲೋ ಇದೆ. ಅದನ್ನು ಅವಳು ಮಗನ ಹತ್ತಿರ ಬೇಡಬೇಕಾಗಿಲ್ಲ. ಒಂಬತ್ತರ ಹುಡುಗನಿಗೂ ಅವನ ಅರ್ಧ ಪಾಲು ಇದೆ. ಅದರಲ್ಲಿ ಅವನು ಬಟ್ಟೆ ಇಡುತ್ತಾನೋ ಗೋಲಿ ತುಂಬುತ್ತಾನೋ ಎಂದು ರೈಲ್ವೆ ಇಲಾಖೆ ಕೇಳುವುದಿಲ್ಲ. ಟಿಕೆಟ್ ಇದ್ದವರಿಗೆ ಜಾಗದ ಹಕ್ಕಿದೆ.

ಸ್ವಂತ ಕಾರಿನಲ್ಲಿ ಯಾರ ಹತ್ತಿರವೂ ಟಿಕೆಟ್ ಇಲ್ಲ. ಅಲ್ಲಿರುವುದು ಒಂದು ಕೀಲಿಕೈ, ಅದು ಒಬ್ಬರ ಕೈಯಲ್ಲಿರುತ್ತದೆ. ಡಿಕ್ಕಿ ತೆರೆಯುವವರು, ಚೀಲ ಜೋಡಿಸುವವರು, 'ಇದು ಯಾಕೆ?' ಎಂದು ಕೇಳುವವರು ಎಲ್ಲ ಸಾಮಾನ್ಯವಾಗಿ ಅವರೇ. ನಾವು ಹೆಮ್ಮೆಯಿಂದ ಹೇಳುವ 'ನಮ್ಮದೇ ಗಾಡಿ, ಬೇಕಾದಲ್ಲಿ ನಿಲ್ಲಿಸಬಹುದು' ಎಂಬ ಸ್ವಾತಂತ್ರ್ಯದ ಇನ್ನೊಂದು ಮಗ್ಗುಲು ಇದು. ನಿಯಮ ಇಲ್ಲದ ಕಡೆ ಎಲ್ಲರೂ ಸ್ವತಂತ್ರರಾಗುವುದಿಲ್ಲ. ಗಟ್ಟಿಯಾಗಿ ಕೇಳಬಲ್ಲವರಿಗೆ ಜಾಗ ಸಿಗುತ್ತದೆ. ಗಳಿಸುವವರ ವಸ್ತುವಿನ ಮೇಲೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ನನ್ನ ಲ್ಯಾಪ್‌ಟಾಪ್ ಚೀಲ, ಅದರ ಚಾರ್ಜರ್, ಹೆಡ್‌ಫೋನ್ ಇವು ಹೆಚ್ಚುವರಿಯೇ ಎಂದು ನಮ್ಮ ಮನೆಯಲ್ಲಿ ಕೇಳಿದ್ದು ಮಗಳೊಬ್ಬಳೇ. 'ರಜಾದಾಗೂ ಆಫೀಸ್ ನಮ್ಮ ಸಂಗಾಟ ಬರ್ತೈತೇನಪ್ಪಾ?' ಎಂದಳು. ಅವಳ ಚಿತ್ರ ಬಿಡಿಸುವ ಹಲಗೆಗೆ ಜಾಗ ಇದೆಯೋ ಇಲ್ಲವೋ ಎಂಬ ವಾದದ ನಡುವೆ ಬಂದ ಮಾತು ಅದು. ಅವಳು ಕೇಳಿದ್ದು ಜಾಗವನ್ನಲ್ಲ, ಕಾರಣವನ್ನು. ಇಬ್ಬರೂ ಕಾರಣ ಕೊಡಬೇಕೆಂದರೆ ಹಲಗೆ ಮತ್ತು ಲ್ಯಾಪ್‌ಟಾಪ್ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಹಾಗಾದರೆ ರೈಲಿನಂತೆ ತಲೆಗಿಷ್ಟು ಎಂದು ಸಮಪಾಲು ಮಾಡಿಬಿಟ್ಟರೆ? ಕೆಲವು ಮನೆಗಳಲ್ಲಿ ಹೀಗೆ ಮಾಡುತ್ತಾರೆ: ಎಲ್ಲರಿಗೂ ಒಂದೊಂದು ಚೀಲ, ಅದರಲ್ಲಿ ಹಿಡಿದಷ್ಟು. ನಿಯಮವೇ ಇಲ್ಲದ್ದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಸಮಪಾಲು ಕೇಳುವವರನ್ನೂ ಕೇಳದವರನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ ಎನ್ನುವುದು ನನಗೆ ಕಂಡದ್ದು ಅವ್ವನ ಚೀಲದಿಂದ.

ಈ ಸಲ ಎಲ್ಲರ ಸಾಮಾನಿನ ಪಟ್ಟಿ ಬರೆಯುವಾಗ ಅವ್ವ ಹೇಳಿದ್ದು ಇಷ್ಟೇ: 'ನಂದೇನೈತೋ ತಮ್ಮಾ, ಒಂದ ಚೀಲ. ನಿಮ್ಮದೆಲ್ಲಾ ಇಟ್ಟಮ್ಯಾಲೆ ಜಾಗಾ ಉಳದ್ರ ಇಡ್ರಿ.' ಪಟ್ಟಿಯಲ್ಲಿ ಎಲ್ಲರಿಗಿಂತ ಚಿಕ್ಕ ಸಾಲು ಅವಳದು. ಅದನ್ನು ನೋಡಿ ನನ್ನ ಹೆಂಡತಿ ಒಂದು ಮಾತು ಕೇಳಿದಳು: 'ಅತ್ತೀ ಹಾದ್ಯಾಗ ನೀರು ಕುಡದದ್ದು ನೋಡೀರೇನ್ರೀ? ಪುಣೆ ಬಿಟ್ಟರ ಊರು ಮುಟ್ಟೂತನಕಾ ಎರಡ ಗುಟುಕ.'

ಅವ್ವನಿಗೆ ಎರಡೂ ಮೊಣಕಾಲು ನೋವು. ಮನೆಯಲ್ಲಿ ಮಡಚುವ ಕಮೋಡ್ ಕುರ್ಚಿ ಇದೆ. ದಾರಿಯ ಢಾಬಾಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ಅನೇಕ ಕಡೆ ಇರುವುದು ಕುಕ್ಕರಗಾಲಲ್ಲಿ ಕೂರುವ ಶೌಚಾಲಯ. ಊರಿನ ಮನೆಯಲ್ಲಿರುವುದೂ ಅದೇ. ಆ ಕುರ್ಚಿ ಬೇಕೆಂದು ಹೇಳಲು ಅವಳಿಗೆ ಸಂಕೋಚ. ಮೊಮ್ಮಕ್ಕಳ ಎದುರು, ಪಟ್ಟಿ ಬರೆಯುತ್ತಿರುವ ಮಗನ ಎದುರು ಅದನ್ನು ಸಾಮಾನೆಂದು ಬರೆಸುವುದು ಹೇಗೆ? ಅದರ ಬದಲು ನೀರು ಕುಡಿಯದೇ ಇರುವ ದಾರಿ ಅವಳಿಗೆ ಗೊತ್ತು. ಮೇ ತಿಂಗಳ ಬಿಸಿಲಿನಲ್ಲಿ, ಹತ್ತು ತಾಸು. ಹೀಗೆ ನೀರು ಬಿಟ್ಟು ಪ್ರಯಾಣ ಮಾಡುವ ಹೆಂಗಸರು ನಮ್ಮ ಮನೆಯಲ್ಲಷ್ಟೇ ಇದ್ದಾರೆ ಎಂದು ನನಗನ್ನಿಸುವುದಿಲ್ಲ. ಓದುತ್ತಿರುವವರು ನಿಮ್ಮ ನಿಮ್ಮ ತಾಯಿ, ಅತ್ತೆ, ಅಕ್ಕಂದಿರನ್ನು ನೆನಪಿಸಿಕೊಳ್ಳಿ. ಯಾಕೆ ನೀರು ಬೇಡ ಅಂದರೆ 'ಬಾಯಾರಿಕೀನ ಆಗಿಲ್ಲ' ಎಂಬ ಉತ್ತರ ಅವರಲ್ಲಿ ಸಿದ್ಧವಿರುತ್ತದೆ.

ಕಡಿಮೆ ಕೇಳುವವರ ಅಗತ್ಯ ಕಡಿಮೆ ಎಂದು ತಿಳಿಯುವುದು ಎಲ್ಲ ಪಟ್ಟಿಗಳ ಮೂಲದಲ್ಲಿರುವ ನಂಬಿಕೆ. ಕೆಲಸದಲ್ಲೂ ಹಾಗೆಯೇ. ಯಾವ ತಂಡ ಹೆಚ್ಚು ಜನ ಬೇಕೆಂದು ಗಲಾಟೆ ಮಾಡುತ್ತದೋ ಅದಕ್ಕೆ ಸಿಗುತ್ತದೆ. ಬಾಯಿ ಬಿಡದ ತಂಡ ರಾತ್ರಿ ಕೂತು ಕೆಲಸ ಮುಗಿಸುತ್ತದೆ, ವರ್ಷದ ಕೊನೆಗೆ ಆ ತಂಡಕ್ಕೆ ಜನ ಸಾಕಾಗಿತ್ತು ಎಂದು ದಾಖಲಾಗುತ್ತದೆ. ಬೇಡಿಕೆ ಕಾಣುತ್ತದೆ, ಅಗತ್ಯ ಕಾಣುವುದಿಲ್ಲ. ಕಾರಿನ ಜಾಗದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಹರಿತ. ಯಾಕೆಂದರೆ ಇಲ್ಲಿ ಬಾಯಿ ಬಿಡದವರು ಪ್ರೀತಿಯಿಂದಲೇ ಸುಮ್ಮನಿರುತ್ತಾರೆ. ಆ ಪ್ರೀತಿಯನ್ನು ನಾವು ಖಾಲಿ ಜಾಗ ಎಂದು ಲೆಕ್ಕ ಹಾಕುತ್ತೇವೆ.

ಇದಕ್ಕೆ ಎರಡು ಸುಲಭದ ಉತ್ತರಗಳಿವೆ. ಎರಡೂ ನನಗೆ ಸಾಲವು.

ಒಂದು ಉತ್ತರ ಹೆಚ್ಚು ಜಾಗ ಮಾಡಿಕೊಳ್ಳುವುದು. ನನ್ನ ಸಹೋದ್ಯೋಗಿಯೊಬ್ಬರು, 'ಇಷ್ಟೆಲ್ಲ ಯೋಚನೆ ಯಾಕೆ, ದೊಡ್ಡದೊಂದು ಬಾಕ್ಸ್ ತಗೊಂಡು ಬಿಡಿ, ಎಲ್ಲರದ್ದೂ ಹಿಡಿಸುತ್ತೆ' ಅಂದರು. ಕೊಟ್ಟಷ್ಟು ಸಮಯವನ್ನೆಲ್ಲ ಕೆಲಸ ತುಂಬಿಕೊಳ್ಳುತ್ತದೆ ಎಂದು ಪಾರ್ಕಿನ್ಸನ್ 1955ರಲ್ಲಿ ತಮಾಷೆಯಾಗಿ ಬರೆದ ನಿಯಮ ನಮ್ಮ ವೃತ್ತಿಯವರಿಗೆಲ್ಲ ಬಾಯಿಪಾಠ. ಸಾಮಾನೂ ಹಾಗೆಯೇ. ಜಾಗ ಇದೆ ಎಂದು ಗೊತ್ತಾದ ಕೂಡಲೇ ಮೊದಲು ತುಂಬುವವರು ಮೊದಲಿನಿಂದಲೂ ಕೇಳುತ್ತಿದ್ದವರೇ. ಇನ್ನೊಂದು ಜೊತೆ ಶೂ, ಬ್ಯಾಡ್ಮಿಂಟನ್ ಕಿಟ್, ಕ್ಯಾಂಪ್ ಕುರ್ಚಿಗಳು. ಸುಮ್ಮನಿದ್ದವರು 400 ಲೀಟರ್ ಬಂದರೂ ಸುಮ್ಮನೇ ಇರುತ್ತಾರೆ. ಜಾಗದ ಕೊರತೆಯಿಂದ ಹುಟ್ಟಿದ ಅನ್ಯಾಯವಾಗಿದ್ದರೆ ಜಾಗ ಕೊಂಡು ಸರಿಪಡಿಸಬಹುದಿತ್ತು. ಇದು ದನಿಯ ಕೊರತೆ.

ಇನ್ನೊಂದು ಉತ್ತರ ಕಡಿಮೆ ಒಯ್ಯುವುದು. ಇದಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಎಲ್ಲರಿಗೂ ಗೊತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಆ ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳಿಸಿದಳು. 'ಹೆಚ್ಚುವರಿ' ಎಂಬ ಮಾತಿನ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ನಾನಿರುವ ಪುಣೆಯಲ್ಲೂ ಅಂಥದೇ ಒಂದು ನೆನಪಿದೆ. ಇವತ್ತು ಐಟಿ ಪಾರ್ಕುಗಳ ನಡುವೆ ಇರುವ ಯೆರವಡಾ ಜೈಲಿನಿಂದ ಗಾಂಧೀಜಿ 1930ರಲ್ಲಿ ಆಶ್ರಮವಾಸಿಗಳಿಗೆ ವಾರಕ್ಕೊಂದು ಪತ್ರ ಬರೆದರು. ಅವುಗಳಲ್ಲಿ ಅಸ್ತೇಯ, ಅಪರಿಗ್ರಹಗಳ ಬಗ್ಗೆಯೂ ಬರೆದರು. ತನಗೆ ಬೇಡವಾದದ್ದನ್ನು ಇಟ್ಟುಕೊಳ್ಳುವುದೂ ಒಂದು ಬಗೆಯ ಕಳವೇ ಎನ್ನುವುದು ಅವರ ನಿಲುವು.

ಈ ಮಾತುಗಳಿಗೆ ತಲೆಬಾಗುತ್ತಲೇ ಒಂದು ವಿಷಯ ಗಮನಿಸಬೇಕು. ಲಕ್ಕಮ್ಮ ಬೇಡ ಅಂದದ್ದು ತನ್ನ ಮನೆಯ ಒಲೆಗೆ ಬರಬೇಕಾಗಿದ್ದ ಅಕ್ಕಿಯನ್ನು. ಆ ದಿನ ಕಡಿಮೆ ಉಣ್ಣುವವಳೂ ಅವಳೇ. ಅದಕ್ಕೇ ಆ ಮಾತಿಗೆ ಅಷ್ಟು ತೂಕ. ಗಾಂಧೀಜಿಯ ಬದುಕಿನಲ್ಲೇ ಇದರ ಇನ್ನೊಂದು ಮುಖವೂ ಇದೆ, ಅದನ್ನು ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಹೊರಟಾಗ ಅಲ್ಲಿನ ಜನ ಚಿನ್ನ ಬೆಳ್ಳಿಯ ಉಡುಗೊರೆಗಳನ್ನು ಕೊಟ್ಟರು. ಅವುಗಳಲ್ಲಿ ಕಸ್ತೂರಬಾಗೆಂದೇ ಕೊಟ್ಟ ಒಂದು ಚಿನ್ನದ ಹಾರವೂ ಇತ್ತು. ಎಲ್ಲವನ್ನೂ ಸಮುದಾಯದ ಟ್ರಸ್ಟಿಗೆ ಒಪ್ಪಿಸಬೇಕೆಂದು ಗಾಂಧೀಜಿ ನಿಶ್ಚಯಿಸಿದರು, ಮೊದಲು ಮಕ್ಕಳನ್ನು ಒಪ್ಪಿಸಿದರು, ಆಮೇಲೆ ಹೆಂಡತಿಯ ಬಳಿ ಹೋದರು. ಕಸ್ತೂರಬಾ ಒಪ್ಪಲಿಲ್ಲ. ನನಗೆ ಕೊಟ್ಟ ಹಾರದ ಮೇಲೆ ನಿಮಗೇನು ಅಧಿಕಾರ, ನಾನು ಹಗಲೂ ರಾತ್ರಿ ದುಡಿದದ್ದು ಸೇವೆ ಅಲ್ಲವೇ ಎಂಬ ಅರ್ಥದ ಮಾತಾಡಿದರು. ಕಣ್ಣೀರು ಹಾಕಿದರು. ಕೊನೆಗೆ ಹೇಗೋ ಅವರ ಒಪ್ಪಿಗೆ ಪಡೆದುಕೊಂಡೆ ಎನ್ನುತ್ತಾರೆ ಗಾಂಧೀಜಿ.

ಗಾಂಧೀಜಿಯ ನಿರ್ಧಾರ ದೊಡ್ಡದೇ, ಅದರಿಂದ ಸಮುದಾಯಕ್ಕೆ ಒಳ್ಳೆಯದೂ ಆಯಿತು. ಆದರೆ ಕಸ್ತೂರಬಾ ಕೇಳಿದ ಪ್ರಶ್ನೆ ಅದರಿಂದ ಮುಗಿದು ಹೋಗಲಿಲ್ಲ. ನನ್ನ ವಸ್ತು ಬಿಡುವುದು ತ್ಯಾಗ. ಇನ್ನೊಬ್ಬರ ವಸ್ತು ಬಿಡಿಸುವುದಕ್ಕೆ ಬೇರೆಯೇ ಹೆಸರು ಹುಡುಕಬೇಕು. ಊರಿಗೆ ಹೊರಡುವ ದಿನ ಡಿಕ್ಕಿಯ ಮುಂದೆ ನಿಂತು 'ಸರಳವಾಗಿರೋಣ, ಇಷ್ಟೊಂದು ಯಾಕೆ' ಎಂದು ಹೇಳುವ ಮನೆಯ ಯಜಮಾನ ಅಪರಿಗ್ರಹದ ಭಾಷೆಯಲ್ಲಿ ಮಾತಾಡುತ್ತಿರುತ್ತಾನೆ. ಅವನ ಸರಳತೆಗೆ ಬೆಲೆ ಬರುವುದು ಮೊದಲು ಹೊರಗಿಟ್ಟ ಚೀಲ ಅವನದೇ ಆಗಿದ್ದಾಗ.

ಕಾರಿನೊಳಗಿನ ಮಾತಾಯಿತು. ಈ ಪೆಟ್ಟಿಗೆಯ ನಿರ್ಧಾರ ಮುಟ್ಟುವ ಇನ್ನಿಬ್ಬರು ಕಾರಿನ ಹೊರಗಿದ್ದಾರೆ.

ಒಬ್ಬರು ನಮ್ಮ ಹಿಂದೆ ಬರುವವರು, ನಮಗೆ ಗುರುತಿಲ್ಲದವರು. ಸಾಮಾನನ್ನು ಎಲ್ಲಿಡುತ್ತೇವೆ ಎನ್ನುವುದು ಅಪಾಯವನ್ನು ಯಾರ ಮೇಲಿಡುತ್ತೇವೆ ಎನ್ನುವುದೂ ಹೌದು. ಸಣ್ಣ ಲೆಕ್ಕ: ಗಂಟೆಗೆ 90 ಕಿಲೋಮೀಟರ್ ಅಂದರೆ ಸೆಕೆಂಡಿಗೆ 25 ಮೀಟರ್. ಆ ವೇಗದಲ್ಲಿ ಕಾರು ಏನಕ್ಕಾದರೂ ಬಡಿದು ತಟ್ಟನೆ ನಿಂತರೆ, ಹಿಂದಿನ ಸೀಟಿನ ಬೆನ್ನಿಗೆ ಸುಮ್ಮನೆ ಒರಗಿಸಿಟ್ಟ 10 ಕಿಲೋ ಚೀಲ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಅದು ಸುಮಾರು 32 ಮೀಟರ್ ಎತ್ತರದಿಂದ, ಅಂದರೆ ಹತ್ತು ಅಂತಸ್ತಿನ ಕಟ್ಟಡದ ತುದಿಯಿಂದ ಬಿದ್ದ ಚೀಲದ ಹೊಡೆತಕ್ಕೆ ಸಮ. ಆ ಹೊಡೆತ ಬೀಳುವುದು ಹಿಂದೆ ಕೂತ ಮುದುಕರು, ಮಕ್ಕಳ ತಲೆಗೆ. ಕಿಟಕಿ ಮುಚ್ಚುವಷ್ಟು ಒಳಗೆ ತುಂಬುವುದಕ್ಕಿಂತ ಪೆಟ್ಟಿಗೆ ಒಳ್ಳೆಯದು ಎನ್ನಲು ನನಗೆ ದೊಡ್ಡ ಕಾರಣ ಇದೇ.

ಹಾಗೆಂದು ಎಲ್ಲವನ್ನೂ ಮೇಲೆ ಸಾಗಿಸಿದರೆ ಅಪಾಯ ಹೋಗುವುದಿಲ್ಲ, ವಿಳಾಸ ಬದಲಾಗುತ್ತದೆ. ತಲೆಭಾರದ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಖಂಬಾಟ್ಕಿ ಘಾಟಿನಂಥ ಜಾಗದಲ್ಲಿ ಅದು ಕೈಗೆ ಗೊತ್ತಾಗುತ್ತದೆ. ಹಗ್ಗ, ತಾಡಪಾಲು ಕಟ್ಟಿದ ಕ್ಯಾರಿಯರ್‌ನಿಂದ ಒಂದು ಚೀಲ ಜಾರಿದರೆ ಅದು ನಮ್ಮ ಮೇಲೆ ಬೀಳುವುದಿಲ್ಲ. ನಮ್ಮ ಹಿಂದೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಬೈಕಿನಲ್ಲಿ ಬರುತ್ತಿರುವ ಯಾರೋ ಒಬ್ಬರ ಮುಂದೆ ಬೀಳುತ್ತದೆ. ಅನುಮತಿಸಿದ ಮಿತಿ ಮೀರಿ ಬದಿಗೋ ಹಿಂದಕ್ಕೋ ಮೇಲಕ್ಕೋ ಚಾಚಿದ ಸಾಮಾನಿಗೆ 20,000 ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಹೇಳುತ್ತದೆ. ದಂಡ ನಮ್ಮ ಕಿಸೆಯ ಮಾತು. ಆ ಬೈಕಿನವರ ಒಪ್ಪಿಗೆಯನ್ನು ನಾವು ಯಾವ ಪಟ್ಟಿಯಲ್ಲೂ ಬರೆಸಿಕೊಂಡಿಲ್ಲ ಎನ್ನುವುದು ಮನಸ್ಸಿನ ಮಾತು. ಕೈಪಿಡಿಯಲ್ಲಿ ಬರೆದ ಆ 50 ಅಥವಾ 75 ಕಿಲೋ ಅನ್ನುವ ಅಂಕಿಯನ್ನು ನಾನು ಕಂಪನಿಯ ಸೂಚನೆ ಎಂದು ಓದುವುದಿಲ್ಲ. ಹಿಂದೆ ಬರುವವರ ಪರವಾಗಿ ಯಾರೋ ಬರೆದಿಟ್ಟ ಕರಾರು ಅದು.

ಇನ್ನೊಬ್ಬರು ದಾರಿಯ ಆ ತುದಿಯಲ್ಲಿ ಕಾಯುತ್ತಿರುವವರು. ಹೋಗುವಾಗಿನ ಲೆಕ್ಕ ನಾವು ಹಾಕುತ್ತೇವೆ, ಬರುವಾಗಿನ ಲೆಕ್ಕ ಅವರು ಹಾಕಿರುತ್ತಾರೆ. ಹಾವೇರಿ ಸೀಮೆಯಲ್ಲಿ ಅದು ಬ್ಯಾಡಗಿ ಮೆಣಸಿನಕಾಯಿ, ಜೋಳ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಾವಿನ ಉಪ್ಪಿನಕಾಯಿಯ ಭರಣಿ. ಶಿವಮೊಗ್ಗದವರಿಗೆ ಹಲಸು, ಕರಾವಳಿಯವರಿಗೆ ತೆಂಗಿನಕಾಯಿ. ಬೆಲೆ ಕಟ್ಟಿದರೆ ಇದರಲ್ಲಿ ಅರ್ಥವಿಲ್ಲ. ಪುಣೆಯೇ ಜೋಳದ ನಾಡಿನ ಊರು, ಇಲ್ಲಿನ ಯಾವ ಅಂಗಡಿಯಲ್ಲಾದರೂ ಜೋಳ ಸಿಗುತ್ತದೆ. ಆದರೂ ಚಿಕ್ಕವ್ವ ಜರಡಿ ಹಿಡಿದು, ಬೇವಿನೆಲೆ ಹಾಕಿ, ಚೀಲದ ಬಾಯಿ ಹೊಲಿದು ಹತ್ತು ಕಿಲೋ ಜೋಳ ತಂದು ಕಾರಿನ ಹತ್ತಿರ ಇಡುತ್ತಾಳೆ. ಅವಳ ಕೈಯಲ್ಲಿ ಕೊಡಲು ಇರುವುದು ಅದು. ನಮ್ಮ ಮಕ್ಕಳ ಫೀ, ಫ್ಲಾಟಿನ ಕಂತು, ಬಡ್ತಿ ಇವೆಲ್ಲ ಅವಳಿಗೆ ದೂರದ ಸುದ್ದಿ. ನಮ್ಮ ಬದುಕಿನಲ್ಲಿ ಅವಳಿಗಿರುವ ಪಾಲು ಆ ಒಂದು ಚೀಲ. ಅದನ್ನು ನೋಡಿ 'ಜಾಗ ಇಲ್ಲ' ಅನ್ನುವುದು ಕಾರಿನ ಬಗ್ಗೆ ಆಡುವ ಮಾತಾದರೂ ಅವಳು ಕೇಳಿಸಿಕೊಳ್ಳುವುದು ಬೇರೆ.

ಊರು ಬಿಟ್ಟು ಬಂದ ನಮ್ಮಂಥವರು ಕೊಡುವುದರಲ್ಲಿ ಜಾಣರಾಗುತ್ತೇವೆ. ಹೋಗುವಾಗ ಚಿತಳೆ ಬಾಕರವಡಿ, ಸೀರೆ, ಮಕ್ಕಳಿಗೆ ಆಟಿಕೆ ಎಂದು ತುಂಬಿಕೊಂಡು ಹೋಗಿ ಹಂಚುತ್ತೇವೆ. ಕೊಡುವವರ ಕೈ ಮೇಲಿರುತ್ತದೆ, ಅದರ ಸುಖವೇ ಬೇರೆ. ತೆಗೆದುಕೊಳ್ಳುವುದಕ್ಕೆ ಜಾಗ ಬೇಕು, ಡಿಕ್ಕಿಯಲ್ಲೂ, ನಮ್ಮಲ್ಲೂ. ಹೋಗುವಾಗಲೇ ಪೂರ್ತಿ ತುಂಬಿದ ಕಾರು ಊರಿನವರಿಗೆ ಒಂದು ಸಂದೇಶ ಕೊಡುತ್ತದೆ: ನಿಮ್ಮಿಂದ ನಮಗೆ ಏನೂ ಬೇಕಾಗಿಲ್ಲ. ಪ್ರಾಜೆಕ್ಟಿನಲ್ಲಿ ಅನಿರೀಕ್ಷಿತಕ್ಕೆಂದು ಸ್ವಲ್ಪ ಸಮಯ ಬಿಟ್ಟಿಡುತ್ತೇವೆ, ಅದು ಕೆಟ್ಟ ಸುದ್ದಿಗಾಗಿ. ಕಾರಿನಲ್ಲಿ ಬಿಟ್ಟಿಡಬೇಕಾದ ಜಾಗ ಒಳ್ಳೆಯ ಸುದ್ದಿಗಾಗಿ. ಹೋಗುವಾಗ ಅದು ವ್ಯರ್ಥವಾಗಿ ಕಾಣುತ್ತದೆ. ಕಾಣಲಿ.

ಇಷ್ಟೆಲ್ಲ ಯೋಚಿಸಿ ನಾವು ಆರಿಸಿದ್ದು ಏನು ಎಂದು ಕೇಳಬಹುದು. ನಡುಗಾತ್ರದ, ಬೀಗ ಇರುವ, ಮುಂಭಾಗ ಇಳಿಜಾರಾಗಿರುವ ಒಂದು ರೂಫ್ ಬಾಕ್ಸ್. ಅದರಲ್ಲಿ ಹಗುರ, ಆದರೆ ಜಾಗ ತಿನ್ನುವ ವಸ್ತುಗಳು ಮಾತ್ರ: ಬಟ್ಟೆ, ಹಾಸಿಗೆ ಹೊದಿಕೆ, ಮಗಳ ಹಲಗೆ, ಮಗನ ಬ್ಯಾಟು. ಭಾರದ್ದೆಲ್ಲ ಡಿಕ್ಕಿಯ ತಳದಲ್ಲಿ, ಸಿಲಿಂಡರಿನ ಪಕ್ಕ, ಬೆಲ್ಟಿನಿಂದ ಬಿಗಿದು. ಕುರ್ಚಿ ಹಗುರವಾದರೂ ಬಾಕ್ಸಿಗೆ ಹೋಗಲಿಲ್ಲ. ದಾರಿಯಲ್ಲಿ ಬೇಕಾಗುವ ವಸ್ತು ಯಾರನ್ನೂ ಕೇಳದೆ, ಯಾವ ಬೀಗವನ್ನೂ ತೆಗೆಸದೆ ಕೈಗೆ ಸಿಗಬೇಕು. ಬೀಗ ತೆಗೆಸುವಂತಿದ್ದರೆ ಅವ್ವ ಮತ್ತೆ ನೀರು ಬಿಡುತ್ತಾಳೆ. ಅದು ಡಿಕ್ಕಿಯ ಬಾಗಿಲ ಹತ್ತಿರ, ಎಲ್ಲಕ್ಕಿಂತ ಮೇಲೆ, ಒಂದು ಹಳೆಯ ಚಾದರ ಸುತ್ತಿಕೊಂಡು ಇದೆ. ಅದನ್ನು ಇಡಬೇಕೆಂದು ಹೇಳಿದ್ದು ಅವ್ವನ ಸೊಸೆ, 'ನನಗೂ ಮೊಣಕಾಲು ನೋಯ್ತಾವ, ನನಗ ಬೇಕು' ಎಂದು. ಅವಳ ಮೊಣಕಾಲಿಗೆ ಏನೂ ಆಗಿಲ್ಲ. ಸತ್ಯ ನುಡಿಯುವುದು ದೊಡ್ಡ ಧರ್ಮ ಎಂದು ನಂಬಿದವನು ನಾನು. ಆದರೂ ಇನ್ನೊಬ್ಬರ ಸಂಕೋಚವನ್ನು ತನ್ನ ಹೆಸರಿಗೆ ಬರೆಸಿಕೊಂಡ ಆ ಮಾತನ್ನು ಸುಳ್ಳಿನ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ.

ಬೇರೆ ಮನೆಯ ಆಯ್ಕೆ ಬೇರೆ ಇರಬಹುದು. ಮೂರೇ ಜನರಿದ್ದರೆ ಯಾವ ಪೆಟ್ಟಿಗೆಯೂ ಬೇಡ. ಒಬ್ಬರಿಗೆ ಬಟ್ಟೆಯ ಚೀಲ ಸಾಕು, ಇನ್ನೊಬ್ಬರು ಪಾರ್ಸೆಲ್ ಹಾಕಿ ನಿರಾಳವಾಗಿ ರೈಲು ಹತ್ತಬಹುದು. ಯಾವ ಕಂಪನಿಯದು, ಎಷ್ಟು ಲೀಟರಿನದು ಎನ್ನುವುದಕ್ಕೆ ಕಾರಿನ ಕೈಪಿಡಿ ಮತ್ತು ಕಿಸೆ ಉತ್ತರ ಕೊಡುತ್ತವೆ. ನಾನು ಹೇಳುವುದು ಆ ಉತ್ತರಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಬಗ್ಗೆ. ಈ ಮನೆಯಲ್ಲಿ ಕಡಿಮೆ ಕೇಳಿದವರು ಯಾರು, ಯಾಕೆ? ನಮ್ಮ ಭಾರ ಜಾರಿದರೆ ಯಾರ ಮೇಲೆ ಬೀಳುತ್ತದೆ? ನಮಗಾಗಿ ಏನನ್ನೋ ಕಟ್ಟಿಟ್ಟುಕೊಂಡು ಕಾಯುತ್ತಿರುವವರಿಗೆ ಎಷ್ಟು ಜಾಗ ಉಳಿಸಿದ್ದೇವೆ?

ಊರಿಂದ ಬರುವಾಗ ನಮ್ಮಲ್ಲಿ ಅನೇಕರ ಹತ್ತಿರ ಇದ್ದದ್ದು ಒಂದು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ, ಪ್ರಮಾಣಪತ್ರಗಳ ಒಂದು ಫೈಲು. ಆ ಕಡಿಮೆ ಸಾಮಾನನ್ನು ಹೊರಿಸಲು ಮನೆಯವರು ಏನೇನು ಬಿಟ್ಟರು ಎಂದು ಯಾರೂ ಪಟ್ಟಿ ಮಾಡಲಿಲ್ಲ. ಈಗ ಕೀಲಿಕೈ ನಮ್ಮ ಕೈಯಲ್ಲಿದೆ. ಜಾಗ ಹಂಚುವ ಅಧಿಕಾರ ಬಂದವರು ಮೊದಲು ಯಾರ ಕಡೆ ನೋಡುತ್ತಾರೆ ಎನ್ನುವುದರಲ್ಲೇ ಅವರ ನ್ಯಾಯ ಗೊತ್ತಾಗುತ್ತದೆ. ಅದು ದೊಡ್ಡ ಕಚೇರಿಯಲ್ಲಿರಬಹುದು, ಸಿಲಿಂಡರ್ ಅಡ್ಡ ಮಲಗಿರುವ ಒಂದು ಸಣ್ಣ ಡಿಕ್ಕಿಯಲ್ಲೂ ಇರಬಹುದು.